ದೊಡ್ಡ ಆರ್‌ಸಿ ವಿಮಾನದಲ್ಲಿ ಸರ್ವೋ ಸೋಲುತ್ತಿದೆಯಾ? ಹೊಸದು ಕೊಳ್ಳುವ ಮೊದಲು ಅಳೆದು ನೋಡಿ

ರೇಡಿಯೋದಿಂದ ಹಾರಿಸುವ ಆರ್‌ಸಿ ವಿಮಾನದ ಅಲುಗುವ ಭಾಗಗಳನ್ನು ತಿರುಗಿಸುವ ಸಣ್ಣ ಮೋಟಾರ್ ಪೆಟ್ಟಿಗೆಯೇ ಸರ್ವೋ. ನೆಲದ ಮೇಲೆ ಎಲ್ಲ ಸರಿ ಇರುತ್ತದೆ. ಸ್ಟಿಕ್ ಆಡಿಸಿದರೆ ಏಲೆರಾನ್, ಅಂದರೆ ವಿಮಾನವನ್ನು ಉರುಳಿಸುವ ರೆಕ್ಕೆಯ ಹಿಂದಂಚಿನ ಹಲಗೆ, ಚಕಚಕ ಮೇಲೆ ಕೆಳಗೆ ಹೋಗುತ್ತದೆ. ಹಾರಿಸಿದ ಮೇಲೂ ನಿಧಾನ ವೇಗದಲ್ಲಿ ಏನೂ ತೊಂದರೆ ಇಲ್ಲ. ಆದರೆ ಮೂತಿ ಕೆಳಗೆ ಮಾಡಿ ವೇಗ ಏರಿದಾಗ ಪೂರ್ತಿ ಏಲೆರಾನ್ ಕೊಟ್ಟರೆ, ವಿಮಾನ ತಡವರಿಸುತ್ತಾ ಉರುಳುತ್ತದೆ. ವೇಗ ಜಾಸ್ತಿಯಾದಷ್ಟೂ ಉರುಳುವುದು ಇನ್ನೂ ನಿಧಾನ. ಸಾಮಾನ್ಯವಾಗಿ ಆಗಬೇಕಾದ್ದು ಇದರ ಉಲ್ಟಾ ಅಲ್ವಾ?

ನನ್ನ ವಿಮಾನಕ್ಕೆ ಆಗಿದ್ದು ಇದೇ. 2.2 ಮೀಟರ್ ರೆಕ್ಕೆ, 55 ಸಿಸಿ ಪೆಟ್ರೋಲ್ ಎಂಜಿನ್, ಸುಮಾರು 8 ಕಿಲೋ ತೂಕದ ಏರೋಬ್ಯಾಟಿಕ್ ಮಾದರಿ. ಪ್ರತಿ ಏಲೆರಾನ್‌ಗೆ ಒಂದು ಸರ್ವೋ, ಮೂತಿ ಮೇಲೆ ಕೆಳಗೆ ಮಾಡುವ ಬಾಲದ ಎಲಿವೇಟರ್‌ನ ಎರಡು ಅರ್ಧಕ್ಕೂ ಒಂದೊಂದು, ಮೂತಿ ಎಡಬಲಕ್ಕೆ ತಿರುಗಿಸುವ ರಡ್ಡರ್‌ಗೆ ಒಂದು, ಎಂಜಿನ್ ವೇಗ ಏರಿಸಿ ಇಳಿಸುವ ಥ್ರಾಟಲ್‌ಗೆ ಒಂದು. ಸರ್ವೋ ಪೆಟ್ಟಿಗೆಯ ಮೇಲೆ 6 ವೋಲ್ಟ್‌ಗೆ 20 ಕೆಜಿ-ಸೆಂ.ಮೀ, 7.4 ವೋಲ್ಟ್‌ಗೆ 24 ಎಂದು ಬರೆದಿತ್ತು. ಇದು ಟಾರ್ಕ್, ಅಂದರೆ ತಿರುಗಿಸುವ ಬಲ; 20 ಎಂದರೆ ನಡುವಿನಿಂದ ಒಂದು ಸೆಂ.ಮೀ ದೂರದಲ್ಲಿ 20 ಕಿಲೋ ಎಳೆಯುವಷ್ಟು. ಈ ಗಾತ್ರದ ವಿಮಾನಕ್ಕೆ ಅದು ಸಾಕು ಎಂದು ಎಲ್ಲರೂ ಹೇಳಿದ್ದರು. ಹಾಗಾದರೆ ಸರ್ವೋ ಸೋಲುವುದು ಯಾಕೆ? ಇನ್ನೂ ಬಲವಾದ ಸರ್ವೋ ತರಿಸೋಣ ಎಂದು ನಾನು ಬೆಲೆ ನೋಡುತ್ತಿದ್ದೆ. ಬಯಲಿನಲ್ಲಿ ಜೊತೆಗೆ ಹಾರಿಸುವ ಹಿರಿಯರೊಬ್ಬರು ತಡೆದರು. "ಇರಪ್ಪ, ದುಡ್ಡು ಆಮೇಲೆ ಹಾಕು. ಮೊದಲು ಆ ಏಲೆರಾನ್ ಹತ್ತಿರ ಎಷ್ಟು ಬಲ ಬರ್ತಿದೆ ಅಂತ ಅಳೆದಿದ್ದೀಯಾ?" ಎಂದರು. ಅಳೆದಿರಲಿಲ್ಲ. ಅವರು ಹೇಳಿಕೊಟ್ಟ ದಾರಿಯನ್ನು, ಆಮೇಲೆ ನಾನು ಕಲಿತದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪೆಟ್ಟಿಗೆಯ ಮೇಲಿನ ಟಾರ್ಕ್ ಸರ್ವೋ ಒಳಗಿನ ಮಾತು. ವಿಮಾನಕ್ಕೆ ಬೇಕಾದದ್ದು ಏಲೆರಾನ್ ತಿರುಗುವ ಕೀಲು, ಅಂದರೆ ಹಿಂಜ್ ಹತ್ತಿರ ಸಿಗುವ ಟಾರ್ಕ್. ಬ್ಯಾಟರಿಯಿಂದ ಹಿಂಜ್‌ವರೆಗೆ ಸ್ವಿಚ್, ವೈರ್, ಕನೆಕ್ಟರ್, ಆರ್ಮ್, ಪುಶ್‌ರಾಡ್, ಹಾರ್ನ್ ಎಲ್ಲ ಇವೆ. ಆರ್ಮ್ ಎಂದರೆ ಸರ್ವೋ ತಲೆಯ ಮೇಲಿನ ಕೈ, ಹಾರ್ನ್ ಎಂದರೆ ಏಲೆರಾನ್ ಮೇಲೆ ನಿಂತ ಕೊಂಬು, ಎರಡನ್ನೂ ಜೋಡಿಸುವ ಕಡ್ಡಿ ಪುಶ್‌ರಾಡ್. ಪ್ರತಿಯೊಂದೂ ತನ್ನ ಪಾಲು ತಿನ್ನಬಹುದು.

ಮೊದಲು ಲಕ್ಷಣ ಗುರುತಿಸಿ

ವೇಗದಲ್ಲಿ ಮಾತ್ರ ಸೋಲುತ್ತಿದ್ದರೆ ಅದು ಗಾಳಿಯ ಒತ್ತಡಕ್ಕೆ ಏಲೆರಾನ್ ಹಿಂದಕ್ಕೆ ಬಾಗುತ್ತಿರುವ ಲಕ್ಷಣ. ಹಾರಿಸುವವರು ಇದನ್ನು ಬ್ಲೋಬ್ಯಾಕ್ ಅನ್ನುತ್ತಾರೆ. ಎಲ್ಲ ವೇಗದಲ್ಲೂ ವಿಮಾನ ಸ್ವಲ್ಪ ಸ್ವಲ್ಪ ಅಡ್ಡಾದಿಡ್ಡಿ ಹೋಗಿ, ಪದೇ ಪದೇ ಟ್ರಿಮ್ (ನೇರ ಹಾರಲು ರೇಡಿಯೋದಲ್ಲಿ ಮಾಡುವ ಸಣ್ಣ ತಿದ್ದುಪಡಿ) ಬದಲಿಸಬೇಕಾಗಿ ಬಂದರೆ ಸರ್ವೋ ನಡುವಿಗೆ ಸರಿಯಾಗಿ ಬರುತ್ತಿಲ್ಲ ಎಂದರ್ಥ. ಎಲ್ಲ ಸ್ಟಿಕ್ ಒಟ್ಟಿಗೆ ಆಡಿಸಿದಾಗ ಒಂದು ಕ್ಷಣ ರೇಡಿಯೋ ಸಂಪರ್ಕವೇ ಹೋದಂತಾದರೆ ಮೊದಲು ಬ್ಯಾಟರಿ ಮತ್ತು ವೈರ್ ನೋಡಿ. ಗಾಳಿಯಲ್ಲಿ ಜೋರಾಗಿ "ಬರ್ರ್" ಎಂಬ ಶಬ್ದ ಕೇಳಿದರೆ ಅದು ಫ್ಲಟರ್, ಅಂದರೆ ಏಲೆರಾನ್‌ನಂಥ ಭಾಗ ಗಾಳಿಗೆ ಸಿಕ್ಕಿ ಪಟಪಟ ನಡುಗುವುದು. ಅದಕ್ಕೆ ಕೆಳಗೆ ಬೇರೆಯೇ ಬರೆದಿದ್ದೇನೆ, ಯಾಕೆಂದರೆ ಅದು ಕಾಯುವ ವಿಷಯ ಅಲ್ಲ.

ಎರಡು ಲಕ್ಷಣ ಒಟ್ಟಿಗೆ ಇರಬಹುದು. ನನ್ನದರಲ್ಲಿ ಇತ್ತು. ಏಲೆರಾನ್ ವೇಗದಲ್ಲಿ ಸೋಲುತ್ತಿತ್ತು, ಎಡ ಎಲಿವೇಟರ್ ನಡುವಿಗೆ ಬರುತ್ತಿರಲಿಲ್ಲ. ಎರಡಕ್ಕೂ ಕಾರಣ ಬೇರೆ ಬೇರೆ. ಒಂದೇ ಕಾರಣ ಹುಡುಕುತ್ತಾ ಕೂತಿದ್ದರೆ ಎರಡೂ ಸಿಗುತ್ತಿರಲಿಲ್ಲ.

ತಕ್ಕಡಿ ಪರೀಕ್ಷೆ

ಇದಕ್ಕೆ ಬೇಕಾದದ್ದು ಪ್ರಯಾಣದ ಬ್ಯಾಗ್ ತೂಗುವ ಸಣ್ಣ ಡಿಜಿಟಲ್ ತಕ್ಕಡಿ. ಎಂಜಿನ್‌ನ ಇಗ್ನಿಷನ್ ಆಫ್ ಇರಲಿ. ಕೈಯಲ್ಲಿರುವ ರೇಡಿಯೋ, ಅದರ ಸಿಗ್ನಲ್ ಹಿಡಿಯುವ ವಿಮಾನದೊಳಗಿನ ರಿಸೀವರ್ ಆನ್ ಮಾಡಿ, ಏಲೆರಾನ್ ನಡುವಿನಲ್ಲಿರಲಿ. ಹಿಂಜ್‌ನಿಂದ ಸರಿಯಾಗಿ 10 ಸೆಂ.ಮೀ ದೂರದಲ್ಲಿ, ಒಳಗೆ ಪಕ್ಕೆ ಇರುವ ಕಡೆ, ಬಟ್ಟೆ ಅಥವಾ ಅಗಲ ಪಟ್ಟಿ ಸುತ್ತಿ ತಕ್ಕಡಿ ಸಿಕ್ಕಿಸಿ. ಬರೀ ದಾರ ಕಟ್ಟಿದರೆ ಬಾಲ್ಸಾ ಎಂಬ ಹಗುರ ಮರ ಕತ್ತರಿಸಿಹೋಗುತ್ತದೆ. ಜೊತೆಗಿರುವವರು ರೆಕ್ಕೆ ಹಿಡಿದುಕೊಳ್ಳಲಿ. ನೀವು ನಿಧಾನವಾಗಿ ಎಳೆಯಿರಿ. ಏಲೆರಾನ್ ಬಿಟ್ಟುಕೊಡಲು ಶುರುಮಾಡಿದಾಗ ತಕ್ಕಡಿ ತೋರಿಸಿದ ತೂಕವನ್ನು 10ರಿಂದ ಗುಣಿಸಿದರೆ ಹಿಂಜ್ ಹತ್ತಿರದ ಟಾರ್ಕ್ ಸಿಗುತ್ತದೆ. 2 ಕಿಲೋ ತೋರಿಸಿದರೆ 20 ಕೆಜಿ-ಸೆಂ.ಮೀ. ಎರಡು ಸೆಕೆಂಡ್‌ಗಿಂತ ಜಾಸ್ತಿ ಹಿಡಿಯಬೇಡಿ. ಆ ಹೊತ್ತಿನಲ್ಲಿ ಸರ್ವೋ ಮೋಟಾರ್ ತಿರುಗದೆ ಪೂರ್ತಿ ಕರೆಂಟ್ ಎಳೆಯುತ್ತಿರುತ್ತದೆ, ಬೇಗ ಬಿಸಿಯಾಗುತ್ತದೆ.

ನನ್ನ ಏಲೆರಾನ್ ತೋರಿಸಿದ್ದು 0.9 ಕಿಲೋ. ಅಂದರೆ 9 ಕೆಜಿ-ಸೆಂ.ಮೀ. ಪೆಟ್ಟಿಗೆಯ ಮೇಲೆ 20 ಇತ್ತು. ಉಳಿದ 11 ಎಲ್ಲಿ ಹೋಯಿತು? ಆ ಪ್ರಶ್ನೆ ಸಿಕ್ಕಿದ ಮೇಲೆ ಉಳಿದ ಕೆಲಸ ಸುಲಭವಾಯಿತು.

ಆರ್ಮ್ ಎಷ್ಟು ಉದ್ದ, ಹಾರ್ನ್ ಎಷ್ಟು ಎತ್ತರ

ನನ್ನ ಅನುಭವದಲ್ಲಿ ದೊಡ್ಡ ವಿಮಾನಗಳಲ್ಲಿ ಅತಿ ಹೆಚ್ಚು ಬಲ ಕಳೆದುಹೋಗುವುದು ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ನನ್ನ ಸರ್ವೋ ಮೇಲೆ 38 ಮಿ.ಮೀ ಉದ್ದದ ಅಲ್ಯೂಮಿನಿಯಂ ಆರ್ಮ್ ಇತ್ತು. ಏಲೆರಾನ್ ಮೇಲಿನ ಹಾರ್ನ್, ಹಿಂಜ್‌ನಿಂದ 25 ಮಿ.ಮೀ ಎತ್ತರ. ಉದ್ದ ಆರ್ಮ್ ಹಾಕಿದ್ದು ಯಾಕೆಂದರೆ, ಅದು ಏಲೆರಾನನ್ನು 45 ಡಿಗ್ರಿವರೆಗೆ ಎತ್ತುವ 3ಡಿ ಹಾರಾಟಕ್ಕೆ ಬೇಕಾಗುತ್ತದೆ. ನಾನು ಹಾರಿಸುವುದು ಸಾಧಾರಣ ಏರೋಬ್ಯಾಟಿಕ್ಸ್. 30 ಡಿಗ್ರಿ ಸಾಕು. ಅದಕ್ಕೆ ರೇಡಿಯೋದಲ್ಲಿ ಎಂಡ್ ಪಾಯಿಂಟ್ ಅನ್ನು, ಅಂದರೆ ಸರ್ವೋ ಎಷ್ಟು ತಿರುಗಬೇಕು ಎಂಬ ಮಿತಿಯನ್ನು, ಶೇಕಡಾ 45ಕ್ಕೆ ಇಳಿಸಿದ್ದೆ. ಏಲೆರಾನ್ 30 ಡಿಗ್ರಿ ತಿರುಗಲು ಸರ್ವೋ ಬರೀ 19 ಡಿಗ್ರಿ ತಿರುಗುತ್ತಿತ್ತು.

ಈಗ ಲೆಕ್ಕ ನೋಡಿ. 20 ಕೆಜಿ-ಸೆಂ.ಮೀ ಟಾರ್ಕ್ ಇರುವ ಸರ್ವೋ, 3.8 ಸೆಂ.ಮೀ ಆರ್ಮ್ ತುದಿಯಲ್ಲಿ ಕೊಡುವ ಬಲ 20 ಭಾಗಿಸು 3.8, ಅಂದರೆ 5.3 ಕಿಲೋ. ಅದು 2.5 ಸೆಂ.ಮೀ ಹಾರ್ನ್ ಮೇಲೆ ಎಳೆದರೆ ಹಿಂಜ್ ಹತ್ತಿರ 13 ಕೆಜಿ-ಸೆಂ.ಮೀ. ಆರ್ಮ್ ಮತ್ತು ಹಾರ್ನ್ ಅದಲು ಬದಲು ಮಾಡೋಣ. ಆರ್ಮ್ 25 ಮಿ.ಮೀ, ಹಾರ್ನ್ 38. ತುದಿಯ ಬಲ 8 ಕಿಲೋ. ಹಿಂಜ್ ಹತ್ತಿರ 30 ಕೆಜಿ-ಸೆಂ.ಮೀ. ಅದೇ ಸರ್ವೋ, ಅದೇ ಬ್ಯಾಟರಿ, ಎರಡು ಪಟ್ಟಿಗಿಂತ ಜಾಸ್ತಿ ಬಲ.

ಬದಲಿಗೆ ಸರ್ವೋ ಜಾಸ್ತಿ ತಿರುಗಬೇಕು. 30 ಡಿಗ್ರಿ ಏಲೆರಾನ್‌ಗೆ ಸರ್ವೋ ಸುಮಾರು 50 ಡಿಗ್ರಿ ತಿರುಗಬೇಕಾಗುತ್ತದೆ. ರೇಡಿಯೋದಲ್ಲಿ ಎಂಡ್ ಪಾಯಿಂಟ್ 110ರ ಆಚೆ ಹೋಗುತ್ತದೆ. ಅದರಿಂದ ಏನೂ ತೊಂದರೆ ಇಲ್ಲ. ನಿಜ ಹೇಳಬೇಕೆಂದರೆ ಅದೇ ಒಳ್ಳೆಯದು. ಏಲೆರಾನ್ ತಿರುಗುವ ವೇಗ ಮಾತ್ರ ಸ್ವಲ್ಪ ಕಡಿಮೆಯಾಗುತ್ತದೆ, ನನ್ನಂಥ ಹಾರಾಟಕ್ಕೆ ಅದು ಗೊತ್ತೂ ಆಗುವುದಿಲ್ಲ.

ಗೇರ್‌ನಲ್ಲಿ ಇರುವ ಸಡಿಲಕ್ಕೂ ಇದೇ ಲೆಕ್ಕ. ಸರ್ವೋ ಆರ್ಮ್ ಅರ್ಧ ಡಿಗ್ರಿ ಅಲುಗಾಡುತ್ತಿದೆ ಎಂದುಕೊಳ್ಳಿ. ಉದ್ದ ಆರ್ಮ್, ಗಿಡ್ಡ ಹಾರ್ನ್ ಇದ್ದರೆ 12 ಸೆಂ.ಮೀ ಅಗಲದ ಏಲೆರಾನ್‌ನ ಅಂಚು 1.6 ಮಿ.ಮೀ ಅಲುಗುತ್ತದೆ. ಅದಲು ಬದಲು ಮಾಡಿದರೆ 0.7 ಮಿ.ಮೀ. ಹಾಗಾಗಿ ಎಂಡ್ ಪಾಯಿಂಟ್ 70ಕ್ಕಿಂತ ಕೆಳಗೆ ಇಟ್ಟಿದ್ದರೆ ಆರ್ಮ್ ತುಂಬ ಉದ್ದ ಇದೆ ಎಂದೇ ತಿಳಿಯಿರಿ. ರೇಡಿಯೋದಲ್ಲಿ ಕಡಿಮೆ ಮಾಡಬೇಡಿ, ಆರ್ಮ್‌ನ ಒಳಗಿನ ತೂತಿಗೆ ಬನ್ನಿ.

ಆರ್ಮ್ ಬದಲಿಸುವಾಗ ಒಂದು ಎಚ್ಚರ. ಸರ್ವೋ ತಲೆಯ ಹಲ್ಲುಗಳ ಲೆಕ್ಕ ಎಲ್ಲ ಕಂಪನಿಗೂ ಒಂದೇ ಅಲ್ಲ. ಫುಟಾಬಾದಲ್ಲಿ 25 ಹಲ್ಲು, ಜೆಆರ್‌ನಲ್ಲಿ 23, ಹೈಟೆಕ್‌ನ ಬಹಳಷ್ಟು ಮಾದರಿಗಳಲ್ಲಿ 24. 24ರ ತಲೆಗೆ 25ರ ಆರ್ಮ್ ಒತ್ತಿ ಕೂರಿಸಿದರೆ ಕೂತಂತೆ ಕಾಣುತ್ತದೆ. ಒಂದೆರಡು ಹಾರಾಟ ನಡೆಯಲೂಬಹುದು. ಆಮೇಲೆ ಹಲ್ಲು ಸವೆದು ಆರ್ಮ್ ಸುಮ್ನೆ ತಿರುಗುತ್ತದೆ. ಪ್ಲಾಸ್ಟಿಕ್ ಆರ್ಮ್ ಕೂಡ ಹಾಗೆಯೇ. ಲೋಹದ ಗೇರ್ ಇರುವ ಬಲವಾದ ಸರ್ವೋಗೆ ಪೆಟ್ಟಿಗೆಯಲ್ಲಿ ಬಂದ ತೆಳು ಪ್ಲಾಸ್ಟಿಕ್ ಆರ್ಮ್ ಹಾಕಿ ದೊಡ್ಡ ವಿಮಾನ ಹಾರಿಸಬೇಡಿ.

ಕರೆಂಟ್ ದಾರಿಯಲ್ಲೇ ಉಳಿಯುತ್ತಿದೆಯಾ

ಆರ್ಮ್ ಲೆಕ್ಕದ ಪ್ರಕಾರ ನನ್ನ ತಕ್ಕಡಿ 1.3 ಕಿಲೋ ತೋರಿಸಬೇಕಿತ್ತು. ತೋರಿಸಿದ್ದು 0.9. ಅಂದರೆ ಇನ್ನೂ ಏನೋ ಇದೆ.

ಸರ್ವೋದ ಟಾರ್ಕ್ ವೋಲ್ಟೇಜ್ ಜೊತೆಗೇ ಏರಿಳಿಯುತ್ತದೆ. 6 ವೋಲ್ಟ್‌ಗೆ 20 ಕೊಡುವ ಸರ್ವೋ 4.3 ವೋಲ್ಟ್‌ಗೆ ಸುಮಾರು 14 ಕೊಡುತ್ತದೆ. ಹಾಗಾಗಿ ಅಳೆಯಬೇಕಾದ್ದು ಬ್ಯಾಟರಿ ಹತ್ತಿರದ ವೋಲ್ಟೇಜ್ ಅಲ್ಲ. ಸರ್ವೋ ಹತ್ತಿರದ್ದು, ಅದೂ ಸರ್ವೋ ದುಡಿಯುತ್ತಿರುವಾಗ. ಇದಕ್ಕೆ ಒಂದು ಸಣ್ಣ ಎಕ್ಸ್‌ಟೆನ್ಷನ್ ವೈರ್ ತೆಗೆದುಕೊಂಡು, ಕೆಂಪು ಮತ್ತು ಕಪ್ಪು ತಂತಿಯ ಮೇಲೆ ಸ್ವಲ್ಪ ಸಿಪ್ಪೆ ಸುಲಿದು ಮಲ್ಟಿಮೀಟರ್ ಹಚ್ಚುವ ಜಾಗ ಮಾಡಿಕೊಳ್ಳಿ. ಅದನ್ನು ಸರ್ವೋ ಮತ್ತು ಉದ್ದ ಎಕ್ಸ್‌ಟೆನ್ಷನ್ ನಡುವೆ ಹಾಕಿ. ಎರಡು ತಂತಿ ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಿ. ಮೀಟರ್‌ನಲ್ಲಿ ಕನಿಷ್ಠ ಅಳತೆ ಹಿಡಿದಿಡುವ ಬಟನ್ ಇದ್ದರೆ ಒತ್ತಿ. ಈಗ ತಕ್ಕಡಿಯಿಂದ ಎಳೆಯಿರಿ.

ನನಗೆ ಸಿಕ್ಕಿದ್ದು ಇಷ್ಟು. ಬ್ಯಾಟರಿ ಹತ್ತಿರ 5.5, ರಿಸೀವರ್ ಹತ್ತಿರ 5.2, ಸರ್ವೋ ಹತ್ತಿರ 4.3 ವೋಲ್ಟ್.

ಬ್ಯಾಟರಿ ಐದು ಸೆಲ್‌ನ ನಿಕಲ್ ಮೆಟಲ್ ಹೈಡ್ರೈಡ್ ಪ್ಯಾಕ್, ಪೆನ್ ಟಾರ್ಚ್‌ಗೆ ಹಾಕುವ ಗಾತ್ರದ ಸೆಲ್‌ಗಳು. ಸುಮ್ಮನೆ ಇಟ್ಟಾಗ 6 ವೋಲ್ಟ್‌ಗಿಂತ ಜಾಸ್ತಿಯೇ ತೋರಿಸುತ್ತದೆ. ಆದರೆ ಅದರ ಒಳಗಿನ ರೆಸಿಸ್ಟೆನ್ಸ್ ಜಾಸ್ತಿ. ಜೋರಾಗಿ ಎಳೆದರೆ ವೋಲ್ಟೇಜ್ ಕುಸಿಯುತ್ತದೆ. ಸಣ್ಣ ವಿಮಾನಕ್ಕೆ ಇದು ಸಾಕಾಗಬಹುದು. ಆರು ದೊಡ್ಡ ಡಿಜಿಟಲ್ ಸರ್ವೋಗೆ ಸಾಲದು.

ರೆಕ್ಕೆ ಒಳಗಿನ ಎಕ್ಸ್‌ಟೆನ್ಷನ್ ಒಂದು ಮೀಟರ್ ಉದ್ದದ 26 ಗೇಜ್ ವೈರ್. ಗೇಜ್ ಸಂಖ್ಯೆ ಹೆಚ್ಚಾದಷ್ಟೂ ತಂತಿ ತೆಳು. 26 ಗೇಜ್ ತಾಮ್ರದ ತಂತಿಗೆ ಮೀಟರ್‌ಗೆ ಸುಮಾರು 0.13 ಓಮ್. ಹೋಗಿ ಬರುವ ಎರಡು ತಂತಿ ಸೇರಿದರೆ 0.27 ಓಮ್. 3 ಆಂಪಿಯರ್ ಹರಿದರೆ 0.8 ವೋಲ್ಟ್ ಆ ವೈರ್‌ನಲ್ಲೇ ಹೋಯಿತು. ಅದರ ಬದಲು 22 ಗೇಜ್ ಹಾಕಿದರೆ 0.11 ಓಮ್, ಹೋಗುವುದು 0.3 ವೋಲ್ಟ್. ನಮ್ಮ ಬೆಂಗಳೂರಿನ ಎಸ್‌ಪಿ ರೋಡ್ ಅಂಗಡಿಗಳಲ್ಲಿ 22 ಗೇಜ್ ವೈರ್ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಈ ಇಡೀ ಕಥೆಯಲ್ಲಿ ಅತಿ ಕಡಿಮೆ ಖರ್ಚಿನ ರಿಪೇರಿ ಇದೇ.

ರಿಸೀವರ್‌ಗೆ ಹೋಗುವ ಬ್ಯಾಟರಿ ವೈರ್ ಕೂಡ ನೋಡಿ. ಸರ್ವೋ ಕನೆಕ್ಟರ್‌ನ ಒಂದು ಪಿನ್ ನಿರಂತರವಾಗಿ ಸುಮಾರು 3 ಆಂಪಿಯರ್ ತಡೆದುಕೊಳ್ಳುತ್ತದೆ. ಆರು ಸರ್ವೋದ ಕರೆಂಟ್ ಎಲ್ಲ ಆ ಒಂದೇ ಕನೆಕ್ಟರ್ ಮೂಲಕ ಬರುತ್ತಿದ್ದರೆ ಅದೇ ಕೊರಳು ಹಿಸುಕಿದ ಹಾಗೆ. ಬ್ಯಾಟರಿಯಿಂದ ಎರಡು ಬೇರೆ ವೈರ್ ತಂದು ರಿಸೀವರ್‌ನ ಎರಡು ಜಾಗಕ್ಕೆ ಹಾಕಿ. 100 ಸಿಸಿ ಮತ್ತು ಅದಕ್ಕಿಂತ ದೊಡ್ಡ ವಿಮಾನಗಳಲ್ಲಿ ಸರ್ವೋಗಳಿಗೆ ಕರೆಂಟ್ ಹಂಚಲು ಬೇರೆ ಬೋರ್ಡೇ ಇಡುತ್ತಾರೆ, ಕಾರಣ ಇದೇ. ಸ್ವಿಚ್ ಬಗ್ಗೆಯೂ ಎರಡು ಮಾತು. ಸಣ್ಣ ವಿಮಾನದ ಸ್ವಿಚ್ ತಂದು ದೊಡ್ಡದಕ್ಕೆ ಹಾಕಬೇಡಿ. ಪೆಟ್ರೋಲ್ ಎಂಜಿನ್‌ನ ನಡುಕಕ್ಕೆ ಅದರ ಒಳಗಿನ ಸಂಪರ್ಕ ಸವೆಯುತ್ತದೆ.

ರಿಸೀವರ್ ಬಳಿ ವೋಲ್ಟೇಜ್ 3.5ರ ಹತ್ತಿರ ಇಳಿದರೆ ಕೆಲವು ರಿಸೀವರ್‌ಗಳು ಕೆಲಸ ನಿಲ್ಲಿಸಿ ಮತ್ತೆ ಶುರುವಾಗುತ್ತವೆ. ಹಾರುತ್ತಿರುವ 8 ಕಿಲೋ ವಿಮಾನಕ್ಕೆ ಒಂದು ಸೆಕೆಂಡ್ ಕೂಡ ದೊಡ್ಡ ಸಮಯ. ಎಲ್ಲರೂ ಅದನ್ನು ರೇಡಿಯೋ ದೋಷ ಎಂದುಕೊಳ್ಳುತ್ತಾರೆ. ವಿಮಾನದಿಂದ ರೇಡಿಯೋಗೆ ಅಳತೆ ಕಳಿಸುವ ಟೆಲಿಮೆಟ್ರಿ ಇದ್ದರೆ ಹಾರಾಟ ಮುಗಿದ ಮೇಲೆ ಕನಿಷ್ಠ ವೋಲ್ಟೇಜ್ ನೋಡಿ. ನನ್ನದು ಆ ದಿನ 4.6 ತೋರಿಸಿತ್ತು. ಕಂಡಿದ್ದೆ. ಅದರ ಅರ್ಥ ಆಗ ತಿಳಿದಿರಲಿಲ್ಲ.

ನಾನು ಮಾಡಿದ್ದು: ಎರಡು ಸೆಲ್‌ನ ಲೈಫ್ (LiFe, ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ಎರಡು ಹಾಕಿದೆ. ಅದು 6.6 ವೋಲ್ಟ್‌ನದು, ಲೋಡ್ ಬಿದ್ದರೂ ಹೆಚ್ಚು ಕುಸಿಯುವುದಿಲ್ಲ. ರೆಕ್ಕೆಗೆ 22 ಗೇಜ್ ವೈರ್ ಎಳೆದೆ. ಆರ್ಮ್ 25, ಹಾರ್ನ್ 38 ಮಾಡಿದೆ. ಮತ್ತೆ ತಕ್ಕಡಿ ಹಿಡಿದೆ. 2.8 ಕಿಲೋ. ಅಂದರೆ 28 ಕೆಜಿ-ಸೆಂ.ಮೀ. ಮೊದಲಿನ ಮೂರು ಪಟ್ಟು. ಏಲೆರಾನ್ ಸರ್ವೋ ಎರಡೂ ಹಳೆಯವೇ.

ಬ್ಯಾಟರಿ ಬದಲಿಸುವ ಮೊದಲು ಸರ್ವೋ ಎಷ್ಟು ವೋಲ್ಟ್ ತಡೆಯುತ್ತದೆ ಎಂದು ತಪ್ಪದೆ ನೋಡಿ. ಎರಡು ಸೆಲ್‌ನ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಪೂರ್ತಿ ಚಾರ್ಜ್ ಆದಾಗ 8.4 ವೋಲ್ಟ್. 6 ವೋಲ್ಟ್‌ಗೆ ಮಾಡಿದ ಹಳೆಯ ಸರ್ವೋಗೆ ಅದನ್ನು ನೇರ ಕೊಟ್ಟರೆ ಸುಟ್ಟುಹೋಗುತ್ತದೆ. ರಡ್ಡರ್‌ಗೆ ಮಾತ್ರ ಹಳೆಯ ಸರ್ವೋ ಉಳಿದಿರುತ್ತದೆ, ಮರೆತೇ ಹೋಗಿರುತ್ತದೆ. ಎಲ್ಲ ಆರನ್ನೂ ಒಂದೊಂದಾಗಿ ನೋಡಿ.

ಗುಂಯ್ ಎನ್ನುವ, ಬಿಸಿಯಾಗುವ ಸರ್ವೋ

ಡಿಜಿಟಲ್ ಸರ್ವೋ ಸ್ವಲ್ಪ ಗುಂಯ್‌ಗುಡುವುದು ಸಹಜ. ಅದು ಹಳೆಯ ಅನಲಾಗ್ ಸರ್ವೋಗಿಂತ ಸೆಕೆಂಡ್‌ಗೆ ಹಲವು ಪಟ್ಟು ಹೆಚ್ಚು ಸಲ ಮೋಟಾರನ್ನು ತಿದ್ದುತ್ತಿರುತ್ತದೆ. ಸರ್ಫೇಸ್‌ನ, ಅಂದರೆ ಏಲೆರಾನ್, ಎಲಿವೇಟರ್, ರಡ್ಡರ್‌ನಂಥ ತಿರುಗುವ ಭಾಗದ, ತೂಕಕ್ಕೇ ಸಣ್ಣ ಶಬ್ದ ಬರಬಹುದು. ಆದರೆ ಜೋರಾಗಿ, ಬಿಡದೆ ಶಬ್ದ ಮಾಡಿದರೆ ಪುಶ್‌ರಾಡ್ ಬಿಚ್ಚಿ. ಶಬ್ದ ನಿಂತರೆ ತೊಂದರೆ ಹೊರಗಿದೆ. ನಿಲ್ಲದಿದ್ದರೆ ಸರ್ವೋ ಒಳಗಿದೆ. ಎರಡು ನಿಮಿಷದ ಕೆಲಸ, ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ.

ಹೊರಗಿದ್ದರೆ, ಪುಶ್‌ರಾಡ್ ಇಲ್ಲದೆ ಸರ್ಫೇಸ್ ಅನ್ನು ಕೈಯಿಂದ ಮೇಲೆ ಕೆಳಗೆ ಆಡಿಸಿ. ಅದು ತನ್ನ ತೂಕಕ್ಕೇ ಕೆಳಗೆ ಬೀಳುವಷ್ಟು ಸಲೀಸಾಗಿರಬೇಕು. ಕೆಲವೊಮ್ಮೆ ಹಿಂಜ್‌ಗೆ ಅಂಟು ಸೇರಿಕೊಂಡು ಬಿಗಿಯಾಗಿರುತ್ತದೆ. ತುದಿಯವರೆಗೆ ತಿರುಗಿದಾಗ ಸರ್ಫೇಸ್ ಎಲ್ಲೋ ತಾಗಿ ನಿಂತು, ಸರ್ವೋ ಇನ್ನೂ ತಳ್ಳುತ್ತಿರಬಹುದು. ಪುಶ್‌ರಾಡ್ ಓರೆಯಾಗಿದ್ದರೂ ಹೀಗಾಗುತ್ತದೆ.

ಒಂದೇ ಸರ್ಫೇಸ್‌ಗೆ ಎರಡು ಸರ್ವೋ ಇದ್ದರೆ ಕಥೆ ಬೇರೆ. ಆ ಹಿರಿಯರ 100 ಸಿಸಿ ವಿಮಾನದಲ್ಲಿ ರಡ್ಡರ್‌ಗೆ ಎರಡು ಸರ್ವೋ ಇವೆ. ಒಂದನ್ನು ಬಿಚ್ಚಿದಾಗ ಉಳಿದದ್ದು 0.1 ಆಂಪಿಯರ್ ಎಳೆಯುತ್ತಿತ್ತು. ಎರಡನ್ನೂ ಕೂಡಿಸಿದಾಗ, ಸ್ಟಿಕ್ ನಡುವಿನಲ್ಲೇ ಇದ್ದರೂ, 1.4 ಆಂಪಿಯರ್! ಎರಡೂ ಒಂದಕ್ಕೊಂದು ಎದುರು ಎಳೆದಾಡುತ್ತಿದ್ದವು. ಹಾರಾಟ ಮುಗಿಸಿ ಬಂದಾಗ ಎರಡೂ ಮುಟ್ಟಲಾಗದಷ್ಟು ಬಿಸಿ. ಹೀಗಿದ್ದಾಗ ನಡುವಿನಲ್ಲಿ ಮಾತ್ರ ಹೊಂದಿಸಿದರೆ ಸಾಲದು. ಎಡತುದಿ, ಬಲತುದಿ, ಮಧ್ಯದ ಎರಡು ಕಡೆಯೂ ಕರೆಂಟ್ ನೋಡುತ್ತಾ ಹೊಂದಿಸಬೇಕು. ಎರಡೂ ಆರ್ಮ್ ಒಂದೇ ಉದ್ದ, ಒಂದೇ ಕೋನದಲ್ಲಿ ಇರಬೇಕು. ಇದನ್ನು ಮೊದಲು ಕೈಕೆಲಸದಿಂದ ಸರಿಮಾಡಿ. ರೇಡಿಯೋ ಅಥವಾ ಸರ್ವೋ ಪ್ರೋಗ್ರಾಮರ್‌ನಿಂದ ತಿದ್ದುವುದು ಕೊನೆಯ ಸ್ವಲ್ಪಕ್ಕೆ ಮಾತ್ರ.

ಇನ್ನೊಂದು ವಿಚಿತ್ರ ಕೇಸ್ ಕೂಡ ನೋಡಿದ್ದೇನೆ. ಹೊಸದಾಗಿ ಹಾಕಿದ ಸರ್ವೋ ಆನ್ ಮಾಡಿದ ತಕ್ಷಣ ಒಂದು ತುದಿಗೆ ಓಡಿ ಅಲ್ಲೇ ಕಿರುಗುಟ್ಟುತ್ತಿತ್ತು. ಅದು ಹೆಲಿಕಾಪ್ಟರ್ ಬಾಲಕ್ಕೆ ಮಾಡಿದ ಸರ್ವೋ. ಸಾಧಾರಣ ಸರ್ವೋದ ನಡುವಿನ ಸಿಗ್ನಲ್ 1500 ಅಥವಾ 1520 ಮೈಕ್ರೋಸೆಕೆಂಡ್. ಅದರದ್ದು 760. ಸೆಕೆಂಡ್‌ಹ್ಯಾಂಡ್ ಸರ್ವೋ ಕೊಳ್ಳುವಾಗ ಇದನ್ನು ಕೇಳಿ. ತಪ್ಪಿ ಹಾಕಿದರೆ ಕೂಡಲೇ ಬ್ಯಾಟರಿ ತೆಗೆಯಿರಿ.

ನಡುವಿಗೆ ಬಾರದ ಎಲಿವೇಟರ್

ಈಗ ನನ್ನ ಎಡ ಎಲಿವೇಟರ್. ಸ್ಟಿಕ್ ಎಳೆದು ಬಿಟ್ಟರೆ ಒಂದು ಜಾಗ, ತಳ್ಳಿ ಬಿಟ್ಟರೆ ಇನ್ನೊಂದು ಜಾಗ. ಅಂಚಿನಲ್ಲಿ 2 ಮಿ.ಮೀ ವ್ಯತ್ಯಾಸ. ವಿಮಾನ ನೇರ ಹಾರದೆ, ಪ್ರತಿ ಸಲ ಮೇಲೆತ್ತಿದ ಮೇಲೆ ಸ್ವಲ್ಪ ಓರೆಯಾಗುತ್ತಿತ್ತು.

ಹೊರಗಿನಿಂದ ಒಳಗೆ ಬಂದೆ. ಪುಶ್‌ರಾಡ್ ತುದಿಯ ಬಾಲ್ ಲಿಂಕ್ ಬಿಗಿಯಾಗಿತ್ತು. ಆರ್ಮ್‌ನ ಸ್ಕ್ರೂ ಬಿಗಿಯಾಗಿತ್ತು. ಆಮೇಲೆ ಒಂದು ಕೈಯಲ್ಲಿ ಸರ್ವೋ ಪೆಟ್ಟಿಗೆ ಮುಟ್ಟಿ ಹಿಡಿದು, ಇನ್ನೊಂದರಿಂದ ಎಲಿವೇಟರ್ ಅಲುಗಿಸಿದೆ. ಸರ್ವೋ ಪೆಟ್ಟಿಗೆಯೇ ಅಲುಗುತ್ತಿತ್ತು! ಸರ್ವೋ ಕೂರಿಸುವ ಸ್ಕ್ರೂ ಸುತ್ತಲಿನ ರಬ್ಬರ್ ಗ್ರೊಮೆಟ್ ಒಳಗೆ ಹಾಕುವ ಹಿತ್ತಾಳೆ ಕೊಳವೆಯನ್ನು ತಲೆಕೆಳಗೆ ಹಾಕಿದ್ದೆ. ಅದರ ಅಗಲ ಅಂಚು ಮರದ ಕಡೆ ಇರಬೇಕು, ಸ್ಕ್ರೂ ತಲೆಯ ಕಡೆ ಅಲ್ಲ. ಸರಿಯಾಗಿ ಹಾಕಿದ ಮೇಲೆ ವ್ಯತ್ಯಾಸ 2ರಿಂದ 1.2ಕ್ಕೆ ಇಳಿಯಿತು. ಇನ್ನೂ ಉಳಿದಿತ್ತು.

ಪುಶ್‌ರಾಡ್ ಬಿಚ್ಚಿ, ಆರ್ಮ್ ತುದಿಯನ್ನು ಎರಡು ಬೆರಳಿನಿಂದ ಹಿಡಿದು ಅಲುಗಿಸಿದೆ. ಬಲಗಡೆಯ ಸರ್ವೋ ಗಟ್ಟಿ. ಎಡದ್ದು ಟಕ್ ಟಕ್ ಎಂದಿತು. ಗೇರ್ ಸವೆದಿದೆ. ಆರ್ಮ್ ಬಿಟ್ಟಾಗಲೂ ನಡುವಿನ ಜಾಗ ಬದಲಾಗುತ್ತಿತ್ತು, ಅಂದರೆ ಜಾಗ ಅಳೆಯುವ ಪೊಟೆನ್ಶಿಯೋಮೀಟರ್ ಕೂಡ ಸವೆದಿದೆ. ಗೇರ್ ಮಾತ್ರ ಹೋಗಿದ್ದರೆ ಗೇರ್ ಸೆಟ್ ಹಾಕಬಹುದಿತ್ತು. ಎರಡೂ ಹೋಗಿರುವುದರಿಂದ ಸರ್ವೋ ಬದಲಿಸಿದೆ. ಇಡೀ ವಿಮಾನದಲ್ಲಿ ನಿಜವಾಗಿ ಕೆಟ್ಟಿದ್ದ ಸರ್ವೋ ಇದೊಂದೇ.

ಆರ್ಮ್ ಸ್ಕ್ರೂ ಲೋಹದ ಗೇರ್‌ಗೆ ಹೋಗುತ್ತಿದ್ದರೆ ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಥ್ರೆಡ್‌ಲಾಕ್ ಒಂದು ಹನಿ ಹಚ್ಚಿ. ಸರ್ವೋದ ಪ್ಲಾಸ್ಟಿಕ್ ಪೆಟ್ಟಿಗೆಗೆ ತಾಗದಿರಲಿ, ಕೆಲವು ಪ್ಲಾಸ್ಟಿಕ್ ಅದರಿಂದ ಬಿರುಕು ಬಿಡುತ್ತದೆ.

ಫ್ಲಟರ್ ಕೇಳಿದರೆ

ಬರ್ರ್ ಶಬ್ದ ಬಂದ ಕೂಡಲೇ ಥ್ರಾಟಲ್ ಪೂರ್ತಿ ಇಳಿಸಿ, ಮೂತಿ ಮೆಲ್ಲಗೆ ಮೇಲೆತ್ತಿ ವೇಗ ಇಳಿಸಿ, ಇಳಿಯಿರಿ. ಇನ್ನೊಂದು ಸುತ್ತು ಬೇಡ. ಫ್ಲಟರ್ ಕೆಲವೇ ಸೆಕೆಂಡ್‌ಗಳಲ್ಲಿ ಹಿಂಜ್ ಕೀಳುತ್ತದೆ, ಗೇರ್ ಹಲ್ಲು ಮುರಿಯುತ್ತದೆ.

ಸಡಿಲ ಗೇರ್, ಬಾಗುವ ಪುಶ್‌ರಾಡ್, ಪುಶ್‌ರಾಡ್ ತುದಿಯ ಸವೆದ ಕ್ಲೆವಿಸ್ ಕೊಂಡಿ, ಹಿಂಜ್ ಹತ್ತಿರ ಮುಚ್ಚದೆ ಬಿಟ್ಟ ಸಂದು, ಇವು ಕಾರಣ. ಸಂದು ಮುಚ್ಚಲು ವಿಮಾನಕ್ಕೆ ಹಾಕಿದ ಅದೇ ಹೊದಿಕೆಯ ಪಟ್ಟಿ ಅಥವಾ ಪಾರದರ್ಶಕ ಟೇಪ್ ಸಾಕು. ಅದರಿಂದ ಸರ್ಫೇಸ್‌ನ ಕೆಲಸವೂ ಚುರುಕಾಗುತ್ತದೆ. ಫ್ಲಟರ್ ಕಂಡ ಸರ್ವೋ ನೋಡಲು ಚೆನ್ನಾಗಿದ್ದರೂ ಬಿಚ್ಚಿ ಗೇರ್ ಒಂದೊಂದನ್ನೂ ನೋಡದೆ ಮತ್ತೆ ಹಾರಿಸಬೇಡಿ. ಇದರಲ್ಲಿ ನಾನು ರಾಜಿ ಆಗುವುದಿಲ್ಲ. ಬಯಲಿನ ಅಂಚಿನಲ್ಲಿ ದನ ಮೇಯಿಸುವವರಿರುತ್ತಾರೆ, ಮಕ್ಕಳು ನೋಡಲು ಬಂದಿರುತ್ತಾರೆ.

ಹೊಸ ಸರ್ವೋ ಬೇಕೇ ಬೇಕು ಎಂದಾದರೆ

ಎಷ್ಟು ಟಾರ್ಕ್ ಬೇಕು ಎಂದು ಅಂದಾಜು ಮಾಡಲು ಹಾರಿಸುವವರು ಬಹಳ ವರ್ಷದಿಂದ ಬಳಸುವ ಒಂದು ಲೆಕ್ಕ ಇದೆ. ನಮ್ಮ ಅಳತೆಗಳಿಗೆ ಹೊಂದಿಸಿ ಹೇಳುತ್ತೇನೆ. ಸರ್ಫೇಸ್‌ನ ಅಗಲ ಸೆಂ.ಮೀನಲ್ಲಿ, ಅದರ ವರ್ಗ. ವೇಗ ಗಂಟೆಗೆ ಕಿ.ಮೀನಲ್ಲಿ, ಅದರ ವರ್ಗ. ಸರ್ಫೇಸ್‌ನ ಉದ್ದ ಸೆಂ.ಮೀನಲ್ಲಿ. ಮೂರನ್ನೂ ಗುಣಿಸಿ ಸುಮಾರು 42 ಲಕ್ಷದಿಂದ ಭಾಗಿಸಿ. ಬಂದದ್ದನ್ನು ಸರ್ಫೇಸ್ ತಿರುಗುವ ಕೋನದ ಸೈನ್‌ನಿಂದ ಗುಣಿಸಿ.

ನನ್ನ ಏಲೆರಾನ್ 12 ಸೆಂ.ಮೀ ಅಗಲ, 70 ಸೆಂ.ಮೀ ಉದ್ದ. ವೇಗ 160. 144 ಗುಣಿಸು 25,600 ಗುಣಿಸು 70 ಅಂದರೆ ಸುಮಾರು 25.8 ಕೋಟಿ. 42 ಲಕ್ಷದಿಂದ ಭಾಗಿಸಿದರೆ 61. 30 ಡಿಗ್ರಿಯ ಸೈನ್ ಅರ್ಧ. ಹಾಗಾಗಿ ಹಿಂಜ್ ಹತ್ತಿರ ಬೇಕಾದದ್ದು ಸುಮಾರು 30 ಕೆಜಿ-ಸೆಂ.ಮೀ.

ಇದನ್ನು ಸರ್ವೋಗೆ ತರಲು ಇನ್ನೊಂದು ಹೆಜ್ಜೆ. ಸರ್ಫೇಸ್ ಕೋನದ ಟ್ಯಾನ್ ಅನ್ನು ಸರ್ವೋ ಕೋನದ ಟ್ಯಾನ್‌ನಿಂದ ಭಾಗಿಸಿ, ಅದರಿಂದ ಗುಣಿಸಿ. ಸರ್ವೋ 19 ಡಿಗ್ರಿ ತಿರುಗುತ್ತಿದ್ದಾಗ ಬೇಕಾದದ್ದು 50 ಕೆಜಿ-ಸೆಂ.ಮೀ. 50 ಡಿಗ್ರಿ ತಿರುಗಿದರೆ ಬೇಕಾದದ್ದು 15. ನಾನು 20ರ ಸರ್ವೋ ಇಟ್ಟುಕೊಂಡು 50ರ ಕೆಲಸ ಕೇಳುತ್ತಿದ್ದೆ!

ಈ ಲೆಕ್ಕ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ. ಪೂರ್ತಿ ವೇಗದಲ್ಲಿ ಪೂರ್ತಿ ಏಲೆರಾನ್ ಕೊಡುವುದು ಅಪರೂಪ. ಆದರೆ ಅಳತೆಗಳ ನಡುವಿನ ಸಂಬಂಧ ನೆನಪಿಡಿ. ಸರ್ಫೇಸ್ ಉದ್ದ ಎರಡು ಪಟ್ಟಾದರೆ ಟಾರ್ಕ್ ಎರಡು ಪಟ್ಟು. ಅಗಲ ಅಥವಾ ವೇಗ ಎರಡು ಪಟ್ಟಾದರೆ ನಾಲ್ಕು ಪಟ್ಟು. ಅದಕ್ಕೇ ಅಗಲವಾದ ರಡ್ಡರ್‌ಗೆ ಅತಿ ಬಲವಾದ ಸರ್ವೋ ಬೇಕು.

ಪೆಟ್ಟಿಗೆಯ ಸಂಖ್ಯೆ ಓದುವಾಗ ಅದು ಎಷ್ಟು ವೋಲ್ಟ್‌ಗೆ ಎಂದು ನೋಡಿ. 8.4 ವೋಲ್ಟ್‌ಗೆ 30 ಎಂದಿದ್ದರೆ, 6 ವೋಲ್ಟ್‌ಗೆ ಅದು ಸುಮಾರು 21. ಅದೂ ಮೋಟಾರ್ ಸಿಕ್ಕಿಹಾಕಿಕೊಂಡು ನಿಂತಾಗಿನ ಟಾರ್ಕ್. ದಿನವೂ ದುಡಿಸಲು ಅದರ ಅರ್ಧದ ಆಸುಪಾಸು ಇಟ್ಟುಕೊಂಡರೆ ಸರ್ವೋ ಬಾಳುತ್ತದೆ. ಥ್ರಾಟಲ್‌ಗೆ ಇಷ್ಟೆಲ್ಲ ಬೇಡ. ಸಾಧಾರಣ ಸರ್ವೋ ಸಾಕು. ಆದರೆ ಇಗ್ನಿಷನ್‌ನ ಗದ್ದಲ ರಿಸೀವರ್‌ವರೆಗೆ ಬಾರದಂತೆ ಥ್ರಾಟಲ್‌ಗೆ ಲೋಹದ ಪುಶ್‌ರಾಡ್ ಬೇಡ, ಪ್ಲಾಸ್ಟಿಕ್‌ನದು ಹಾಕಿ.

ಎಲ್ಲ ಸರಿಮಾಡಿದ ಮೇಲೆ ಒಂದು ಬೆಳಿಗ್ಗೆ ಏಳಕ್ಕೆ, ಗಾಳಿ ಏಳುವ ಮೊದಲು ಹಾರಿಸಿದೆ. ಅದೇ ಎತ್ತರ, ಅದೇ ಇಳಿಜಾರು, ಅದೇ ಪೂರ್ತಿ ಏಲೆರಾನ್. ವಿಮಾನ ತಡವರಿಸದೆ ಉರುಳಿತು. ಮೂರು ಸಲ ಮಾಡಿದೆ, ಮೂರು ಸಲವೂ ಹಾಗೆಯೇ. ಇಳಿದು ಸರ್ವೋ ಮುಟ್ಟಿದೆ, ಆರಕ್ಕೆ ಆರೂ ತಣ್ಣಗಿದ್ದವು. ಟೆಲಿಮೆಟ್ರಿಯ ಕನಿಷ್ಠ ವೋಲ್ಟೇಜ್ 6.1. ಆ ಸಂಖ್ಯೆಯನ್ನು ಈಗ ಪ್ರತಿ ಹಾರಾಟ ಮುಗಿದ ಮೇಲೆ ಬ್ಯಾಟರಿ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ ಹಾಳೆಯಲ್ಲಿ ಬರೆದಿಡುತ್ತೇನೆ. 5.8ಕ್ಕೆ ಇಳಿದ ದಿನ ಮತ್ತೆ ತಕ್ಕಡಿ, ಮೀಟರ್ ಹೊರಗೆ ಬರುತ್ತವೆ.